ಬಾವುಟ ಸುಟ್ಟು ನೀರು ಕಾಯಿಸಿದ ತಾಯಿ

ಪೂಜ್ಯ ಜಿಶಿನ್ ಮಾತೆಯವರ ಆಶ್ರಮವೆಂದರೆ ಹೊಳೆದಂಡೆಯ ಒಂದು ಹುಲ್ಲಿನ ಗುಡಿಸಲು. ಒಳಗೆ ಅಂಗೈಯಗಲದ ಬುದ್ಧಮೂರ್ತಿ, ಒಂದು ಕಬ್ಬಿಣದ ಕಡಾಯಿ, ಮೂಲೆಯಲ್ಲಿ ಗುದ್ದಲಿ. ಜಪಾನ್ ದೇಶದಲ್ಲಿ ಸಮುರಾಯ್ ಮನೆತನಗಳು ಗಡಿಗಾಗಿ ಕಡಿದಾಡುತ್ತಿದ್ದ ಕಾಲವದು. ಕತ್ತಿ ಹಿಡಿದವರ ಪ್ರತಾಪವನ್ನು ಲೋಕ ಬೇಕಾದಷ್ಟು ಹಾಡಿದೆ. ಗುದ್ದಲಿ ಹಿಡಿದ ಈ ಮಹಾತಾಯಿಯನ್ನು ನಾವಾದರೂ ಸ್ವಲ್ಪ ನೆನೆಯೋಣ.

ಮಾತೆಯವರು ಪೂರ್ವಾಶ್ರಮದಲ್ಲಿ ಸಮುರಾಯ್ ಮನೆತನದ ಹೆಣ್ಣುಮಗಳೇ. ಕಾಳಗದಲ್ಲಿ ವೈರಿಯ ತಲೆ ಕಡಿದು ತಂದು ಒಡೆಯನಿಗೆ ಒಪ್ಪಿಸುವುದು ಆ ಯೋಧರ ರೂಢಿ. ತಂದ ತಲೆಗಳನ್ನು ತೊಳೆದು, ಕೂದಲು ಬಾಚಿ, ಹೆಸರಿನ ಚೀಟಿ ಕಟ್ಟುವುದು ಕೋಟೆಯ ಹೆಂಗಸರ ಕೆಲಸ. ದೊಡ್ಡ ಮನೆತನದ ಯೋಧರು ಹಲ್ಲಿಗೆ ಕಪ್ಪು ಹಚ್ಚಿಕೊಳ್ಳುತ್ತಿದ್ದರು. ಹಾಗಾಗಿ ಬಡ ಕಾಲಾಳಿನ ಹಲ್ಲಿಗೂ ಮಸಿ ಬಳಿಸಿ, ದೊಡ್ಡವನನ್ನೇ ಕೊಂದೆನೆಂದು ಮೀಸೆ ತಿರುವುವ ಶೂರರೂ ಇದ್ದರು! ಹರೆಯದಲ್ಲಿ ಈ ಕೆಲಸ ಮಾಡಿ ಮಾಡಿ ರೋಸಿಹೋಗಿಯೇ ಮಾತೆಯವರು ತಲೆ ಬೋಳಿಸಿಕೊಂಡು ಕೋಟೆಯಿಂದ ಹೊರಟುಬಂದಿದ್ದರು.

ಆ ವರ್ಷ ಹೊಳೆ ದಾಟುವ ಕಡವಿನಲ್ಲಿ ಘೋರ ಕಾಳಗವಾಯಿತು. ಎರಡೂ ಕಡೆಯವರು ಸಿಕ್ಕ ತಲೆಗಳನ್ನು ಹೊತ್ತುಕೊಂಡು ಹೋದರು, ಮುಂಡಗಳನ್ನು ಕೇಳುವವರಿಲ್ಲ. ಗೆದ್ದ ಹಯಾಸೆಯ ಒಡೆಯರು, ವೈರಿಗಳ ಹೆಣ ನಾಯಿ ನರಿಗಳ ಪಾಲಾಗಲಿ, ಮಣ್ಣು ಹಾಕಿದವರಿಗೆ ಮರಣದಂಡನೆ ಎಂದು ಡಂಗುರ ಹೊಡೆಸಿದರು. ಮಾತೆಯವರು ಡಂಗುರವನ್ನು ಪೂರ್ತಿ ಕೇಳಿಸಿಕೊಂಡರು, ಗುದ್ದಲಿ ಎತ್ತಿಕೊಂಡು ಕಡವಿಗೆ ಹೊರಟರು.

ಮಾತೆಯವರು ಹೆಣಗಳಿಗೆಲ್ಲ ಮಣ್ಣು ಹಾಕುತ್ತಿರುವ ಸುದ್ದಿ ಕೋಟೆ ಮುಟ್ಟಿತು. ವೈರಿಗಳನ್ನು ಅಗೆದು ದಂಡೆಗೆ ಎಸೆದು ಬಾ ಎಂದು ಒಡೆಯರು ಸುಗಿನೋ ಮಗೋಬೆ ಎಂಬ ಸಮುರಾಯ್‌ನನ್ನು ಕಳಿಸಿದರು.

ಮಗೋಬೆಗೆ ಒಳಗೊಳಗೇ ಬೇರೊಂದು ಸಂಕಟ. ಅವನ ತಮ್ಮ ಶಿನ್ರೊಕು ಅದೇ ಕಡವಿನಲ್ಲಿ ಬಿದ್ದಿದ್ದ. ತಲೆ ವೈರಿಯ ಕೋಟೆ ಸೇರಿತ್ತು. ಕಾಳಗದ ಬೆಳಿಗ್ಗೆ ತಮ್ಮನ ಶಿರಸ್ತ್ರಾಣವನ್ನು ಧೂಪದ ಹೊಗೆಗೆ ಹಿಡಿದವನು ಮಗೋಬೆಯೇ. ತಲೆ ಹೋದರೂ ಅದು ವೈರಿಯ ಕೈಯಲ್ಲಿ ಘಮಘಮಿಸಬೇಕು, ಅದು ಸಮುರಾಯ್‌ಗಳ ಅಭಿಮಾನ. ಉಳಿದ ಮೈಯನ್ನು ಹುಡುಕಿ ತರಲು ಮಾತ್ರ ಅವನಿಗೆ ಅಪ್ಪಣೆ ಸಿಕ್ಕಿರಲಿಲ್ಲ. ಈಗ ಹೇಗೂ ಹೋಗುತ್ತಿದ್ದೇನೆ, ತಮ್ಮನನ್ನೂ ಮನೆಗೆ ತಂದುಬಿಡೋಣ ಎಂದುಕೊಂಡ.

ಆಳುಗಳೊಂದಿಗೆ ಬಂದವನಿಗೆ ಕಂಡದ್ದು ಸಾಲುಸಾಲು ಮಣ್ಣಿನ ದಿಬ್ಬಗಳು. ಮೇಲೆ ಹೆಸರಿಲ್ಲ, ಮನೆತನದ ಗುರುತಿಲ್ಲ. ಕೊನೆಯ ದಿಬ್ಬವನ್ನು ಅಂಗೈಯಿಂದ ತಟ್ಟುತ್ತ ಮಾತೆಯವರು ಕೂತಿದ್ದರು.

"ಏನಮ್ಮಾ, ಡಂಗುರ ಕಿವಿಗೆ ಬೀಳಲಿಲ್ಲವೇ?"

"ಬಿತ್ತಪ್ಪಾ."

"ಹಾಗಾದರೆ ವೈರಿಗಳನ್ನು ತೋರಿಸು."

"ನಿಮ್ಮವರು ಯಾರೆಂದು ಮೊದಲು ನೀನು ತೋರಿಸು. ಅವರನ್ನು ಬಿಟ್ಟು ಮಿಕ್ಕವರನ್ನು ಅಗೆದುಕೋ."

ಮಗೋಬೆ ತಬ್ಬಿಬ್ಬಾದ. ತಲೆಯಿಲ್ಲದ ಯೋಧನನ್ನು ಗುರುತಿಸುವುದು ಮೈಮೇಲಿನ ಕವಚದಿಂದ, ಬೆನ್ನಿಗೆ ಕಟ್ಟಿದ ಬಾವುಟದಿಂದ. "ಬಾವುಟಗಳೆಲ್ಲಿ?" ಎಂದು ಗುಡುಗಿದ.

"ಕವಚ ಹೊಳೆಗೆ ಹಾಕಿದೆ, ಬಾವುಟ ಒಲೆಗೆ. ಆ ಬೆಂಕಿಯಲ್ಲೇ ನೀರು ಕಾಯಿಸಿ ಇವರ ಮೈ ತೊಳೆದೆ. ನಿಮ್ಮದು, ಅವರದು, ಎರಡೂ ಚೆನ್ನಾಗಿಯೇ ಉರಿದವು."

ಆಳುಗಳ ಮುಂದೆ ಎಂಥ ಮಾತು! ಒಡೆಯನ ಬಾವುಟವೆಂದರೆ ಸಮುರಾಯ್‌ಗೆ ಪ್ರಾಣಕ್ಕಿಂತ ಹೆಚ್ಚು. ಮಗೋಬೆಯ ಕತ್ತಿ ಒರೆಯಿಂದ ಹೊರಬಂತು. ಮಾತೆಯವರು ಏಳಲೂ ಇಲ್ಲ. ಕೊರಳಿನ ಬಟ್ಟೆ ಸರಿಸಿ ಕತ್ತು ಬಾಗಿಸಿದರು.

"ಕಡಿ. ಆದರೆ ಹಲ್ಲಿಗೆ ಮಸಿ ಬಳಿಸಬೇಡ. ಇದು ದೊಡ್ಡವರ ತಲೆಯಲ್ಲ."

ಎತ್ತಿದ ಕತ್ತಿ ಎತ್ತಿದಲ್ಲೇ ನಿಂತಿತು. ಅತ್ತ ದರಿ, ಇತ್ತ ಪುಲಿ. ಅಗೆಯದೆ ಹೋದರೆ ಹೊಟ್ಟೆ ಬಗೆದುಕೊಂಡು ಸಾಯೆಂದು ಒಡೆಯರು ಹೇಳುವುದು ಖಂಡಿತ. ಅಗೆದರೆ ಯಾವ ಗುದ್ದಲಿಯೇಟು ಶಿನ್ರೊಕುವಿನ ಎದೆಗೆ ಬೀಳುವುದೋ, ಯಾವ ನಾಯಿ ಅವನನ್ನು ಎಳೆದಾಡುವುದೋ! ಮಗೋಬೆ ಕತ್ತಿ ಇಳಿಸಿದ.

"ತಾಯೀ, ಇಲ್ಲಿ ನನ್ನ ತಮ್ಮ ಇದ್ದಾನೆ. ಎಲ್ಲಿ ಅಂತ ಅದೊಂದನ್ನು ಹೇಳಿಬಿಡಿ."

ಮಾತೆಯವರು ತಲೆಯೆತ್ತಿ ನೋಡಿದರು. ಆ ನೋಟದಲ್ಲಿ ಕರುಣೆಯೂ ಇತ್ತು, ಕೋಪವೂ ಇತ್ತು.

"ತಲೆಗೆ ಧೂಪ ಹಾಕಿ ಕಳಿಸಿದವರು ನೀವು. ಮೈಗೆ ಮಣ್ಣು ಹಾಕಿದವಳು ನಾನು. ನನಗೆ ಎಲ್ಲರೂ ಮಕ್ಕಳ ಹಾಗೇ ಕಂಡರಪ್ಪಾ. ಗುರುತು ಇಟ್ಟುಕೊಳ್ಳಲಿಲ್ಲ."

ಮಗೋಬೆ ಕುಸಿದು ಕೂತು ಗೊಳೋ ಎಂದು ಅತ್ತ. ಅತ್ತು ಮುಗಿದ ಮೇಲೆ ಮೊದಲ ದಿಬ್ಬಕ್ಕೆ ತಲೆಬಾಗಿದ. ತಮ್ಮ ಅಲ್ಲಿರದಿದ್ದರೆ? ಎರಡನೆಯದಕ್ಕೂ ಬಾಗಿದ. ಹಾಗೆ ಒಂದನ್ನೂ ಬಿಡದೆ ಸಾಲಿನುದ್ದಕ್ಕೂ ಬಾಗುತ್ತ ಹೋದ. ವೈರಿಗಳಿಗೆ ತಲೆಬಾಗುತ್ತಿದ್ದೇನೆಂಬ ಪರಿವೆ ಕೂಡ ಅವನಿಗಿರಲಿಲ್ಲ. ಕೊನೆಗೆ ಮಾತೆಯವರ ಪಾದಕ್ಕೆ ಹಣೆ ಹಚ್ಚಿ, ಆಳುಗಳತ್ತ ತಿರುಗಿದ.

"ಇಲ್ಲಿ ವೈರಿಗಳು ಯಾರೂ ಇಲ್ಲ ಅಂತ ಒಡೆಯರಿಗೆ ಹೇಳಿ. ಮಗೋಬೆ ಬರುವುದಿಲ್ಲ ಅಂತಲೂ ಹೇಳಿ."

ಒಡೆಯರು ಸುಮ್ಮನಿರುವರೇ? ಇನ್ನೊಂದು ತಂಡ ಬಂತು. ಅದರ ಮುಂದಾಳು ನರೆಗೂದಲಿನ ಯೋಧ, ಇದ್ದೊಬ್ಬ ಮಗನನ್ನು ಅದೇ ಕಡವಿನಲ್ಲಿ ಕಳೆದುಕೊಂಡವನು. ದಿಬ್ಬಗಳ ಮುಂದೆ ಮಗೋಬೆ ಅಡ್ಡ ನಿಂತಿದ್ದ. ಸೊಂಟದಲ್ಲಿ ಕತ್ತಿಯಿರಲಿಲ್ಲ, ಕೈಯಲ್ಲಿ ಮಾತೆಯವರ ಗುದ್ದಲಿ ಇತ್ತು. ಅದನ್ನೇ ಎರಡೂ ಕೈಯಿಂದ ಮುದುಕನಿಗೆ ಒಡ್ಡಿದ.

"ಅಗೆಯಿರಿ, ಹಿರಿಯರೇ. ನಿಮ್ಮ ಮಗ ಎಲ್ಲಿಲ್ಲವೋ ಅಲ್ಲಿಂದ ಶುರುಮಾಡಿ."

ಮುದುಕ ದಿಬ್ಬಗಳ ಸಾಲನ್ನು ಉದ್ದಕ್ಕೂ ನೋಡಿದ. ಗುದ್ದಲಿ ಮುಟ್ಟಲಿಲ್ಲ. ಮೊದಲ ದಿಬ್ಬದ ಮುಂದೆ ಮಂಡಿಯೂರಿದ.