ಅಕ್ಕನ ರಕ್ತದಲ್ಲಿ ಕಂಡ ತಗ್ಗು

ಬೆಟ್ಟದ ತಪ್ಪಲಲ್ಲಿ ಒಂದು ಪ್ರಯೋಗಾಲಯ. ಅಲ್ಲಿ ಅನಸೂಯಾ ಮೇಡಂ ಗುರು, ಮಾದೇಶ ಶಿಷ್ಯ.

ಇಬ್ಬರೂ ಸೇರಿ ಒಂದು ಲೇಸರ್ ಕಟ್ಟಿದ್ದರು. ಅದರದು ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಹತ್ತಾರು ಬಗೆಯ ಅಲೆಗಳು ಒಟ್ಟಾಗಿ, ಮಿಡಿತ ಮಿಡಿತವಾಗಿ ಹೊರಡುತ್ತಿದ್ದವು. ರಕ್ತದ ಹನಿಯೊಳಗೆ ಹಾಯಿಸಿದರೆ, ರಕ್ತದಲ್ಲಿರುವ ಒಂದೊಂದು ವಸ್ತುವೂ ತನಗೆ ಬೇಕಾದ ಅಲೆಯನ್ನು ನುಂಗಿ ಉಳಿದದ್ದನ್ನು ಬಿಡುತ್ತಿತ್ತು. ನುಂಗಿದ ಕಡೆ ಪರದೆಯ ಮೇಲಿನ ಗೆರೆ ತಗ್ಗುತ್ತಿತ್ತು.

ಶ್ವಾಸಕೋಶದಲ್ಲಿ ಗಡ್ಡೆ ಇರುವವರ ರಕ್ತದಲ್ಲಿ ಮಾದೇಶನಿಗೆ ಒಂದು ತಗ್ಗು ಸಿಕ್ಕಿತ್ತು. ಆರೋಗ್ಯವಂತರ ರಕ್ತದಲ್ಲಿ ಅದು ಇರಲಿಲ್ಲ. ಅಂದಿನಿಂದ ಅವನ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಒಂದು ಬೆಳಿಗ್ಗೆ ಅವನು ಮುಖ ಸಣ್ಣದು ಮಾಡಿಕೊಂಡು ಗುರುವಿನ ಮುಂದೆ ನಿಂತ.

"ನಮ್ಮಕ್ಕಂದೂ ನೋಡ್ದೆ ಮೇಡಂ. ತಗ್ಗು ಬಂತು."

ತಾಯಿಯಿಲ್ಲದ ಮಾದೇಶನನ್ನು ಎತ್ತಿ ಆಡಿಸಿ ಬೆಳೆಸಿದವಳು ಚಿಕ್ಕತಾಯಿ ಎಂಬ ಹೆಸರಿನ ಈ ಅಕ್ಕ. ಈಚೆಗೆ ಅವಳಿಗೆ ಬಿಡದ ಕೆಮ್ಮು.

"ಅಕ್ಕಂಗೆ ಹೇಳಿದ್ಯಾ?"

"ಬಾಯಿ ಬರ್ಲಿಲ್ಲ. ಸಾಯಂಕಾಲ ಹೇಳ್ಬೇಕು."

"ಪೆಟ್ಟಿಗೆಗೆ ಮುಚ್ಚಳ ಹಾಕಿದ್ಯಾ?"

ಬೆಳಕು ಓಡುವ ದಾರಿಗೆ ಒಂದು ಪೆಟ್ಟಿಗೆಯಿತ್ತು. ಅದನ್ನು ಮುಚ್ಚಿ, ಒಣ ಗಾಳಿ ತುಂಬಿಸಿ, ಒಳಗಿನ ತೇವ ಹೋಗುವವರೆಗೆ ಗಂಟೆಗಟ್ಟಲೆ ಕಾಯಬೇಕಿತ್ತು. ಬೇಯುವ ತನಕ ಕಾದವನಿಗೆ ಆರುವ ತನಕ ಕಾಯಲಾಗಲಿಲ್ಲ.

"ಇಲ್ಲ ಮೇಡಂ, ತೆಗೆದಿಟ್ಟೇ ನೋಡ್ತಿದ್ದೀನಿ. ಆದ್ರೆ ಎಲ್ಲಾರ ರಕ್ತಕ್ಕೂ ಒಂದೇ ನ್ಯಾಯ ಅಲ್ವಾ?"

ಮೇಡಂ ಬೈಯಲಿಲ್ಲ. ಒಳಗೆ ಹೋಗಿ ಎರಡು ಸಣ್ಣ ಕೊಳವೆ ತಂದರು. ಒಂದಕ್ಕೆ ಬಿಳಿ ಚೀಟಿ, ಇನ್ನೊಂದಕ್ಕೆ ಕೆಂಪು. ರೋಗಿಗಳ ರಕ್ತಕ್ಕೆ ಕೆಂಪು ಚೀಟಿ ಅಂಟಿಸುವುದು ಅಲ್ಲಿನ ಪದ್ಧತಿ.

"ಇವೆರಡನ್ನೂ ನೋಡು."

ಮಾದೇಶ ಬಿಳಿ ಚೀಟಿಯದನ್ನು ಇಟ್ಟು ಕುರ್ಚಿಗೆ ಒರಗಿ ಕೂತ. ಗೆರೆ ನೆಟ್ಟಗೆ ಬಂತು.

ಕೆಂಪು ಚೀಟಿಯದನ್ನು ಇಟ್ಟ. ಕೂರಲಾಗದೆ ಪೆಟ್ಟಿಗೆಯ ಮೇಲೆ ಬಾಗಿ ನಿಂತು, ಪರದೆಯತ್ತ ಕತ್ತು ಚಾಚಿದ. ತಗ್ಗು ಬಂತು.

"ಬಂತು ನೋಡಿ ಮೇಡಂ. ಪಾಪ, ಯಾರದೋ ಏನೋ."

"ನಂದೇ. ಎರಡೂ ನನ್ನ ರಕ್ತವೇ. ಹೋದ ವಾರ ಒಂದೇ ಸಲಕ್ಕೆ ತೆಗೆಸಿದ್ದು."

ಮಾದೇಶ ಎರಡೂ ಕೊಳವೆಗಳ ಚೀಟಿಗಳನ್ನು ತಿರುಗಿಸಿ ತಿರುಗಿಸಿ ನೋಡಿದ.

"ಆ ಕೆಂಪು ಚೀಟಿಯದನ್ನೇ ಇನ್ನೊಂದು ಸಲ ಇಡು. ಇಟ್ಟು, ಇಲ್ಲಿ ಬಂದು ನನ್ನ ಪಕ್ಕ ಕೂತ್ಕೋ."

ಇಟ್ಟು ಬಂದು ಕೂತ. ಗೆರೆ ನೆಟ್ಟಗೆ ಬಂತು.

ಅವನು ಮೆಲ್ಲನೆ ಅಂಗೈಯನ್ನು ಮೂಗಿನ ಮುಂದೆ ಹಿಡಿದ. ಉಸಿರು ಬೆಚ್ಚಗೆ, ತೇವವಾಗಿ ತಾಗಿತು. ಉಸಿರಿನ ತೇವವೂ ಅದೇ ಅಲೆಗಳನ್ನು ನುಂಗುತ್ತದೆಂದು ಹೊಸಬರಿಗೆ ಪಾಠ ಹೇಳುತ್ತಿದ್ದವನೂ ಅವನೇ. ಕೆಂಪು ಚೀಟಿ ಕಂಡಾಗಲೆಲ್ಲ ಅವನು ಬಾಗಿದ್ದ, ಬಿಳಿ ಚೀಟಿಗೆ ಬಾಗಿರಲಿಲ್ಲ. ಅಕ್ಕನ ಕೊಳವೆಗೆ ಚೀಟಿಯೇ ಇರಲಿಲ್ಲ, ಆದರೆ ಎಲ್ಲಕ್ಕಿಂತ ಹೆಚ್ಚು ಬಾಗಿದ್ದು ಅದಕ್ಕೇ.

ಇಷ್ಟು ದಿನದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಆದರೂ ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅವನಿಗೆ ಅಳು ಬಂತು.

"ಹಾಗಾದ್ರೆ ಅಕ್ಕಂಗೆ ಏನೂ ಇಲ್ಲ ಅಲ್ವಾ ಮೇಡಂ?"

"ಹಾಗಂತ ಯಾರು ಹೇಳಿದ್ರು? ಕೆಮ್ಮು ಇರೋದಂತೂ ನಿಜ. ಇವತ್ತೇ ಡಾಕ್ಟರ್ ಹತ್ರ ಕರ್ಕೊಂಡು ಹೋಗು."

ಮಾದೇಶ ಕಣ್ಣೊರೆಸಿಕೊಂಡು ಎದ್ದ. ಬಾಗಿಲವರೆಗೆ ಹೋದವನು ತಿರುಗಿ ನೋಡಿದ.

"ಮತ್ತೆ ನಮ್ಮ ಲೇಸರ್ರು?"

"ಅದು ಸರಿಯಾಗೇ ಇದೆ. ನಾಳೆ ಬಂದು ಅಕ್ಕನ ರಕ್ತ ಮತ್ತೆ ಇಡು. ಅದೊಂದನ್ನೇ ಇಡು, ನಿನ್ನ ಉಸಿರು ಬೇಡ."