ಉಪ್ಪು ಹಾಕದ ಗಂಜಿ

"ಕೊಳೆ ತೊಳೆದರೆ ನೋವು ಹೆಚ್ಚಾಗುವುದು ಹೇಗೆ, ಗುರುಗಳೇ?" ಎಂದು ಸುಬ್ರಾಯ ಕೇಳಿದ.

ಅವನು ವೈದ್ಯನಾಗಿ ಎರಡು ವರ್ಷವಾಗಿತ್ತು. ಉರಿಮೂತ್ರವೆಂದು ಬಂದ ಹೆಂಗಸೊಬ್ಬಳ ಮೂತ್ರಕೋಶವನ್ನು ಅವನು ತೀಕ್ಷ್ಣ ಔಷಧಿಯಿಂದ ಮೂರು ಸಲ ತೊಳೆದಿದ್ದ. ಪರೀಕ್ಷೆಯಲ್ಲಿ ರೋಗಾಣು ಸಿಕ್ಕಿರಲಿಲ್ಲ. ಆದರೂ ತೊಳೆದ ನೀರಿನಲ್ಲಿ ಲೋಳೆ ಕಂಡಾಗಲೆಲ್ಲ ಕೊಳೆ ಹೋಯಿತೆಂದು ಅವನಿಗೆ ಹಿಗ್ಗು. ಈಗ ನಾಲ್ಕು ಹನಿ ಮೂತ್ರ ಸೇರಿದರೂ ಆಕೆಗೆ ಜೀವ ಹೋದಂತಾಗುತ್ತಿತ್ತು. ಮರುದಿನ ನಾಲ್ಕನೆಯ ಸಲ ತೊಳೆಯುವುದಿತ್ತು. ಬೇಡವೆಂದು ಆಕೆ ಕೈಮುಗಿದಿದ್ದಳು. ಆಗಿನಿಂದ ಅವನ ಮನಸ್ಸಿಗೆ ಸಮಾಧಾನವಿರಲಿಲ್ಲ.

ಗುರುಗಳು ಮೂತ್ರಕೋಶದ ಒಳಪೊರೆಯ ತುಣುಕೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡೆಂದರು. ಸುಬ್ರಾಯ ನೋಡಿದ. ಕೆಳಗೆ ಸಣ್ಣ ಜೀವಕೋಶಗಳ ಸಾಲು. ಎಲ್ಲಕ್ಕೂ ಮೇಲೆ, ಬಿಚ್ಚಿದ ಕೊಡೆಗಳಂತೆ ಅಗಲವಾದ ಕೋಶಗಳು ಅಂಚಿಗೆ ಅಂಚು ಬಿಗಿದುಕೊಂಡಿದ್ದವು. ಮೂತ್ರ ತುಂಬಿದಾಗ ಅವು ಚಪ್ಪಟೆಯಾಗಿ ಹರಡುತ್ತವೆ, ಬೆಸುಗೆ ಮಾತ್ರ ಬಿಡುವುದಿಲ್ಲ ಎಂದು ಅವನು ಓದಿದ್ದ.

"ಅವುಗಳ ಮೇಲೇನಿದೆ?"

"ಏನೂ ಇಲ್ಲ, ಗುರುಗಳೇ. ಖಾಲಿ."

ಗುರುಗಳು ತಲೆಯಾಡಿಸಿ ಕತೆ ಶುರುಮಾಡಿದರು.

ಕಡಲ ದಂಡೆಯಲ್ಲಿ ಒಬ್ಬ ಉಪ್ಪು ತೆಗೆಯುವವನಿದ್ದ. ಕಡಲ ನೀರು ಕೂಡಿಡಲು ಅವನಿಗೊಂದು ಕೊಳ. ಕೊಳದಿಂದ ಇಪ್ಪತ್ತು ಹೆಜ್ಜೆಗೆ ಮನೆಯ ಬಾವಿ. ಕೊಳದ ನೀರು ನಾಲಿಗೆ ಸುಡುವಷ್ಟು ಉಪ್ಪು, ಬಾವಿಯ ನೀರು ಎಳನೀರಿನಷ್ಟು ಸಿಹಿ. ಮೂರು ತಲೆಮಾರು ಹಾಗೆಯೇ ನಡೆದಿತ್ತು. ಕೊಳದ ತಳಕ್ಕೆ ಬಡಿದು ಕೂರಿಸಿದ ಜೇಡಿಮಣ್ಣು, ಅದರ ಮೇಲೆ ಹಸಿರು ಲೋಳೆಯ ಒಂದು ಪದರ. ಆ ಕೊಳಕ್ಕೆ ಯಾರೂ ಕಾಲಿಡಬಾರದೆಂಬುದು ಮನೆಯ ಕಟ್ಟಳೆ. ಏಕೆಂದು ಯಾರೂ ಕೇಳಿರಲಿಲ್ಲ.

ಒಂದು ದಿನ ಬಂದ ವ್ಯಾಪಾರಿ ಲೋಳೆ ಕಂಡು ಮೂಗು ಮುರಿದ. ಉಪ್ಪಿನವನಿಗೆ ನಾಚಿಕೆಯಾಯಿತು. ಮರದ ಹಲ್ಲುಗಳ ಹಲುಬೆ ಹಿಡಿದು ಕೊಳಕ್ಕಿಳಿದು ಲೋಳೆ ಕೆರೆಯತೊಡಗಿದ.

"ಅತ್ತೆ ಇದ್ದಾಗ ಎಮ್ಮೆನೂ ಅಲ್ಲಿ ಇಳಿಸ್ಲಿಕ್ಕೆ ಬಿಡ್ತಿರ್ಲಿಲ್ಲ," ಎಂದಳು ಹೆಂಡತಿ.

"ಹಾಗಾದ್ರೆ ಪಾಚಿಗೂ ಹೂ ಏರಿಸು!" ಎಂದು ಅವನು ನಕ್ಕ.

ತಳ ಕನ್ನಡಿಯಂತಾಯಿತು. ಉಪ್ಪು ಬೆಳ್ಳಗೆ ಬಂತು. ಅವನು ಕಂಡವರಿಗೆಲ್ಲ ಕೊಳ ತೋರಿಸಿದ್ದೇ ತೋರಿಸಿದ್ದು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಗಂಜಿ ಬಾಯಿಗಿಟ್ಟು ಮುಖ ಕಿವುಚಿದ. "ಉಪ್ಪಿನ ಮನೆ ಅಂತ ಹೀಗೆ ಸುರಿಯೋದಾ?"

"ನಾನು ಉಪ್ಪೇ ಹಾಕ್ಲಿಲ್ಲ," ಎಂದಳು ಅವಳು.

ಆಗಲೂ ಅವನಿಗೆ ಬುದ್ಧಿ ಬರಲಿಲ್ಲ. ಲೋಳೆ ಎಲ್ಲೋ ಉಳಿದು ಬಾವಿ ಕೆಡಿಸಿತೆಂದು ಮತ್ತೆ ಕೆರೆದ. ಬಾವಿ ಇನ್ನಷ್ಟು ಉಪ್ಪಾಯಿತು. ಕೂಸು ನೀರು ಕುಡಿಯದೆ ಅಳತೊಡಗಿತು. ಮೂರನೆಯ ಸಲ ಹಲುಬೆ ಎತ್ತಿದಾಗ ಹೆಂಡತಿ ಅದನ್ನು ಕಸಿದು ಒಲೆಗೆ ಹಾಕಿದಳು. ಕೊಳವನ್ನು ಅದರ ಪಾಡಿಗೆ ಬಿಟ್ಟರು. ಲೋಳೆ ಕಟ್ಟಲು ಒಂದು ವರ್ಷ ಹಿಡಿಯಿತು, ಬಾವಿ ಸಿಹಿಯಾಗಲು ಮೂರು.

ಕತೆ ಮುಗಿಯಿತು. ಸುಬ್ರಾಯ ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಕೊಡೆಗಳ ಮೇಲೆ ಈಗಲೂ ಖಾಲಿಯೇ ಇತ್ತು.

"ಅಲ್ಲಿಯೂ ಲೋಳೆ ಇತ್ತು, ಗಾಜಿಗೇರಿಸುವಾಗ ನಾನೇ ತೊಳೆದೆ," ಎಂದರು ಗುರುಗಳು, "ಆದರೆ ನಾನು ತೊಳೆದದ್ದು ಸತ್ತವನದ್ದು."