ಮಸಿಯಿಲ್ಲದ ಬೆರಳು

ನಮ್ಮೂರಿಗೆ ಪಂಚಾಯಿತಿಯಲ್ಲಿ ಇರುವುದು ಒಂದೇ ಸೀಟು. ಎದುರಾಳಿಗಳನ್ನೆಲ್ಲ ಹೆದರಿಸಿ, ನಾಮಪತ್ರ ವಾಪಸ್ ತೆಗೆಸಿ, ಕೆಂಚೇಗೌಡ ಅವಿರೋಧವಾಗಿ ಮೆಂಬರಾದ. ಓಟೇ ನಡೆಯಲಿಲ್ಲ. "ಇವನೂ ಒಬ್ಬ ಮೆಂಬರಾ?" ಅಂತ ದುಂಡಮ್ಮನ ಟೀ ಅಂಗಡಿಯಲ್ಲಿ ದಿನಾ ಜಗಳ.

ಒಂದು ಬೆಳಿಗ್ಗೆ ಗೌಡ ಹಿಂಬಾಲಕರ ಸಮೇತ ಬಂದು ಬೆಂಚಿನ ಮೇಲೆ ಕೂತ. "ನೋಡು ದುಂಡಮ್ಮ, ನನ್ನನ್ನ ಗೆಲ್ಲಿಸಿದೋರು ಈ ಊರಿನ ಜನ. ಇನ್ಮೇಲೆ ನನಗೆ ಓಟು ಹಾಕಿದೋರಿಗೆ ಮಾತ್ರ ಇಲ್ಲಿ ಟೀ. ಮಿಕ್ಕೋರಿಗೆ ಕೊಟ್ಟೆಯೋ, ನಾಳೆನೇ ಅಂಗಡಿ ಎತ್ತಿಸ್ತೀನಿ."

"ಆಗ್ಲಿ ಗೌಡ್ರೇ, ನಿಮ್ಮ ಮಾತು ಮೀರಾಕಿಲ್ಲ," ಅಂದಳು ದುಂಡಮ್ಮ.

ಗೌಡ ಮೀಸೆ ತೀಡಿಕೊಂಡ. "ಹಂಗಾದ್ರೆ ನಮಗೆಲ್ಲ ಒಂದೊಂದು ಟೀ ಹಾಕು."

ದುಂಡಮ್ಮ ಲೋಟ ಮುಟ್ಟಲಿಲ್ಲ. ನೆಟ್ಟಗೆ ಹಿಂಬಾಲಕರ ಮುಂದೆ ಬಂದು ನಿಂತಳು. "ಎಲ್ಲಿ, ಎಡಗೈ ತೋರಿಸ್ರಪ್ಪ. ಓಟು ಹಾಕಿದ್ರೆ ಬೆರಳಲ್ಲಿ ಮಸಿ ಇರಬೇಕಲ್ಲ?"

ಒಬ್ಬರ ಬೆರಳಲ್ಲೂ ಮಸಿಯಿಲ್ಲ. ಎಲ್ಲರೂ ಗೌಡನ ಮುಖ ನೋಡಿದರು.

"ಏನೇ, ತಮಾಷೆನಾ? ನನಗಾದ್ರೂ ಕೊಡು!" ಗೌಡ ಗುಡುಗಿದ.

ದುಂಡಮ್ಮ ಬಗ್ಗಿ ಅವನ ಬೆರಳನ್ನೂ ನೋಡಿದಳು. "ನಿಮಗೆ ನೀವೇ ಓಟು ಹಾಕಿಲ್ಲ, ಟೀ ಹೆಂಗೆ ಕೊಡ್ಲಿ? ಹೋಗಿ ಚುನಾವಣೆ ಮಾಡಿಸಿ, ಮಸಿ ಹಚ್ಚಿಸ್ಕೊಂಡು ಬನ್ನಿ ಗೌಡ್ರೇ. ಅಲ್ಲೀಗಂಟ ಈ ಒಲೆ ಆರಿಸದೆ ನಿಮಗೋಸ್ಕರ ಕಾಯ್ತಿರ್ತೀನಿ."